ಸಹಿ ಹಾಕಿಸಿಕೊಂಡರೆ ಹೊಣೆ ಮುಗಿಯಿತೇ?

ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಮೇಕನ್ ಅಂತ ಒಂದು ಕೌಂಟಿ ಇದೆ. 1930ರ ದಶಕದಲ್ಲಿ ಅಲ್ಲಿ ಪಾಲಿಗೆ ಬೇಸಾಯ ಮಾಡುತ್ತಿದ್ದ ಬಡ ಕಪ್ಪು ಜನರಿಗೆ ಒಂದು ಕಾಗದ ಬಂತು. ಮೇಲ್ಗಡೆ ಆರೋಗ್ಯ ಇಲಾಖೆಯ ಹೆಸರು. ವಿಶೇಷ ಉಚಿತ ಚಿಕಿತ್ಸೆ ಪಡೆಯಲು ಇದೇ ನಿಮಗೆ ಕೊನೆಯ ಅವಕಾಶ ಅಂತ ಒಳಗೆ ಬರೆದಿತ್ತು. ನಂಬಿ ಹೋದವರಿಗೆ ಚಿಕಿತ್ಸೆ ಸಿಗಲಿಲ್ಲ. ಬೆನ್ನಿಗೆ ಸೂಜಿ ಚುಚ್ಚಿ ಬೆನ್ನುಹುರಿಯ ಸುತ್ತಲಿನ ದ್ರವ ತೆಗೆದುಕೊಂಡರು. ಕಾಯಿಲೆ ನರಗಳಿಗೆ ಎಷ್ಟು ಹಬ್ಬಿದೆ ಅಂತ ಸಂಶೋಧಕರು ನೋಡಬೇಕಿತ್ತು, ಅಷ್ಟೇ.

ಇದು ಟಸ್ಕಿಗೀ ಸಿಫಿಲಿಸ್ ಅಧ್ಯಯನ. ಸಿಫಿಲಿಸ್ ಅಂದರೆ ಲೈಂಗಿಕ ಸಂಪರ್ಕದಿಂದ ಹರಡುವ ಒಂದು ಕಾಯಿಲೆ. ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆ 1932ರಲ್ಲಿ ಶುರು ಮಾಡಿದ್ದು. ಒಟ್ಟು 600 ಗಂಡಸರು. ಅವರಲ್ಲಿ 399 ಜನಕ್ಕೆ ಸಿಫಿಲಿಸ್ ಇತ್ತು, 201 ಜನಕ್ಕೆ ಇರಲಿಲ್ಲ. ಕಾಯಿಲೆಯ ಹೆಸರನ್ನೇ ಅವರಿಗೆ ಹೇಳಲಿಲ್ಲ. 'ನಿಮ್ಮ ರಕ್ತ ಕೆಟ್ಟಿದೆ' ಅಂದರು. 1947ರ ಹೊತ್ತಿಗೆ ಪೆನಿಸಿಲಿನ್ ಈ ಕಾಯಿಲೆಗೆ ಸರಿಯಾದ ಮದ್ದು ಅಂತ ಎಲ್ಲ ಕಡೆ ಒಪ್ಪಿಯಾಗಿತ್ತು. ಇವರಿಗೆ ಮಾತ್ರ ಕೊಡಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಸೈನ್ಯಕ್ಕೆ ಸೇರಿದ್ದರೆ ಅಲ್ಲಿ ಚಿಕಿತ್ಸೆ ಸಿಗುತ್ತಿತ್ತು, ಅದನ್ನೂ ತಪ್ಪಿಸಿದರು. 1972ರಲ್ಲಿ ಒಬ್ಬ ಮಾಜಿ ನೌಕರ ಪತ್ರಿಕೆಯವರಿಗೆ ವಿಷಯ ತಿಳಿಸಿದ ಮೇಲಷ್ಟೇ ಅದು ನಿಂತದ್ದು. ನಲವತ್ತು ವರ್ಷ ನಡೆಯಿತು. ಗುಟ್ಟಾಗಿಯೂ ನಡೆಯಲಿಲ್ಲ. 1936ರಿಂದಲೇ ವೈದ್ಯಕೀಯ ಪತ್ರಿಕೆಗಳಲ್ಲಿ ಇದರ ವರದಿಗಳು ಬರುತ್ತಿದ್ದವು. ಓದಿದ ಡಾಕ್ಟರುಗಳಲ್ಲಿ ಹೆಚ್ಚಿನವರಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ.

ಈ ಕಥೆ ಕೇಳಿದವರೆಲ್ಲ ಸಾಮಾನ್ಯವಾಗಿ ಒಂದೇ ಪಾಠ ಹೇಳುತ್ತಾರೆ. ಅವರ ಒಪ್ಪಿಗೆ ತೆಗೆದುಕೊಳ್ಳಲಿಲ್ಲ, ಅದೇ ತಪ್ಪು ಅಂತ. ನನಗೆ ಆ ಪಾಠ ಸಾಲದು ಅನ್ನಿಸುತ್ತದೆ. ಆ ಗಂಡಸರ ಮುಂದೆ ಒಂದು ಒಪ್ಪಿಗೆ ಪತ್ರ ಇಟ್ಟಿದ್ದರೆ ಹೆಚ್ಚಿನವರು ಸಹಿಯನ್ನೋ ಹೆಬ್ಬೆಟ್ಟನ್ನೋ ಒತ್ತುತ್ತಿದ್ದರು. ಯಾಕೆ ಒತ್ತುವುದಿಲ್ಲ? ಬೇರೆ ಡಾಕ್ಟರು ಅವರಿಗೆ ಸಿಗುತ್ತಿರಲಿಲ್ಲ. ತಪಾಸಣೆಯ ದಿನ ಬಿಸಿ ಊಟ ಇತ್ತು. ಸತ್ತರೆ ಶವಸಂಸ್ಕಾರದ ಖರ್ಚು ಕೊಡುತ್ತೇವೆ, ಬದಲಿಗೆ ಶವಪರೀಕ್ಷೆಗೆ ಬಿಡಬೇಕು ಎಂಬ ಮಾತಿತ್ತು. ಮನೆಮನೆಗೆ ಬಂದು ವಿಚಾರಿಸುತ್ತಿದ್ದ ನರ್ಸ್ ಕೂಡ ಅವರದೇ ಜನಾಂಗದವರು. ಇಷ್ಟೆಲ್ಲ ಒಟ್ಟಾದಾಗ 'ಬೇಡ' ಅನ್ನುವುದಕ್ಕೆ ಬಾಯಿ ಬರುವುದಾದರೂ ಹೇಗೆ?

ಹಾಗಾಗಿ ನೋಡಬೇಕಾದದ್ದು ಆ ಮನುಷ್ಯ ಎಷ್ಟು ದುರ್ಬಲ ಅಂತ ಅಲ್ಲ. ಸಂಶೋಧನೆಯ ಏರ್ಪಾಟು ಅವನನ್ನು ಎಲ್ಲಿ ಕೂರಿಸಿದೆ, ಎದ್ದು ಹೋಗುವ ದಾರಿ ಬಿಟ್ಟಿದೆಯಾ ಅಂತ. ಕಾಗದದ ಮೇಲಿನ ಸಹಿ ಇದನ್ನು ತೋರಿಸುವುದೇ ಇಲ್ಲ.

ಪಟ್ಟಿ ಮಾಡಿದರೆ ಸಾಕೇ

ಮನುಷ್ಯರ ಮೇಲಿನ ಸಂಶೋಧನೆಗೆ ನಿಯಮಗಳು ಬಂದದ್ದೆಲ್ಲ ಹಗರಣಗಳ ಹಿಂದಿನಿಂದ. ನಾಜಿ ಡಾಕ್ಟರುಗಳ ವಿಚಾರಣೆಯಾದ ಮೇಲೆ 1947ರಲ್ಲಿ ನ್ಯೂರೆಂಬರ್ಗ್ ಸಂಹಿತೆ ಬಂತು. ಸ್ವಂತ ಇಚ್ಛೆಯ ಒಪ್ಪಿಗೆ ಇರಲೇಬೇಕು ಅಂತ ಅದರ ಮೊದಲ ಅಂಶವೇ ಹೇಳಿತು. 1964ರಲ್ಲಿ ವಿಶ್ವ ವೈದ್ಯಕೀಯ ಸಂಘ ಹೆಲ್ಸಿಂಕಿ ಘೋಷಣೆ ಹೊರಡಿಸಿತು. 1966ರಲ್ಲಿ ಹೆನ್ರಿ ಬೀಚರ್ ಎಂಬ ಹಾರ್ವರ್ಡ್ ವೈದ್ಯರು ನೈತಿಕತೆ ಮೀರಿದ 22 ಅಧ್ಯಯನಗಳನ್ನು ಒಂದು ಲೇಖನದಲ್ಲಿ ಸಾಲಾಗಿ ಇಟ್ಟರು. ಅವೆಲ್ಲ ಯಾವುದೋ ಕತ್ತಲ ಮೂಲೆಯಲ್ಲಿ ನಡೆದವಲ್ಲ, ಹೆಸರಾಂತ ಜಾಗಗಳಲ್ಲಿ ನಡೆದಂಥವು. ಟಸ್ಕಿಗೀ ಬಯಲಾದ ಮೇಲೆ ಅಮೆರಿಕದಲ್ಲಿ ಒಂದು ಆಯೋಗ ಕೂತು 1979ರಲ್ಲಿ ಬೆಲ್ಮಾಂಟ್ ವರದಿ ಪ್ರಕಟವಾಯಿತು.

ಈ ನಿಯಮಗಳು ಒಂದು ಅಭ್ಯಾಸವನ್ನೂ ತಂದವು. ದುರ್ಬಲರು ಯಾರು ಅಂತ ಪಟ್ಟಿ ಮಾಡುವುದು. ಮಕ್ಕಳು, ಗರ್ಭಿಣಿಯರು, ಕೈದಿಗಳು, ಮಾನಸಿಕ ಕಾಯಿಲೆ ಇರುವವರು, ನಿರಾಶ್ರಿತರು, ಹೀಗೆ. ಸಂಶೋಧನೆಗೆ ಅನುಮತಿ ಕೇಳುವ ಅರ್ಜಿ ಫಾರಂನಲ್ಲಿ ಒಂದು ಚೌಕ ಇರುತ್ತದೆ. ಟಿಕ್ ಹಾಕಿದರೆ ಇನ್ನೆರಡು ಪುಟ ಜಾಸ್ತಿ ತುಂಬಬೇಕು.

ಪಟ್ಟಿಯಿಂದ ಅನುಕೂಲ ಇಲ್ಲ ಅಂತಲ್ಲ. ಆದರೆ ಅದು ಎರಡು ಕಡೆ ಕೈಕೊಡುತ್ತದೆ. ಪಟ್ಟಿಯಲ್ಲಿರುವ ಎಲ್ಲರೂ ಎಲ್ಲ ಹೊತ್ತಿನಲ್ಲೂ ಅಸಹಾಯಕರಾಗಿರುವುದಿಲ್ಲ. ಗರ್ಭಿಣಿಯೊಬ್ಬಳಿಗೆ ತನ್ನ ನಿರ್ಧಾರ ತಾನು ತೆಗೆದುಕೊಳ್ಳುವ ಬುದ್ಧಿ ಎಲ್ಲೂ ಹೋಗಿರುವುದಿಲ್ಲ. ಇನ್ನೊಂದು ಕಡೆ, ಯಾವ ಪಟ್ಟಿಯಲ್ಲೂ ಇಲ್ಲದವರು ಪೂರ್ತಿ ಸಿಕ್ಕಿಹಾಕಿಕೊಂಡಿರಬಹುದು. ತನ್ನ ಥೀಸಿಸ್‌ಗೆ ಸಹಿ ಹಾಕಬೇಕಾದ ಗೈಡ್ ಬಂದು 'ನನ್ನ ಸ್ಟಡಿಗೆ ಸ್ವಲ್ಪ ರಕ್ತ ಕೊಡ್ತೀಯಾ?' ಅಂತ ಕೇಳಿದರೆ ವಿದ್ಯಾರ್ಥಿ ಏನು ಹೇಳಬೇಕು? ಆಸ್ಪತ್ರೆಯ ನೌಕರ, ಸಿಪಾಯಿ, ಕೆಲಸ ಖಾಯಂ ಆಗುವುದನ್ನು ಕಾಯುತ್ತಿರುವವನು, ಇವರೆಲ್ಲರೂ ಆರೋಗ್ಯವಂತರು, ಓದಿದವರು. ಆದರೂ 'ಇಲ್ಲ' ಅನ್ನುವುದು ಇವರಿಗೆ ದುಬಾರಿ.

ವಾರ್ಡಿನಲ್ಲಿ ನಡೆಯುವುದು

ಒಪ್ಪಿಗೆ ತೆಗೆದುಕೊಳ್ಳುವ ಆ ಹತ್ತು ನಿಮಿಷವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕ್ಯಾನ್ಸರ್ ಅಂತ ಮೊನ್ನೆಯಷ್ಟೇ ಗೊತ್ತಾದ ರೋಗಿ. ಎದುರಿಗೆ ಅವರ ಡಾಕ್ಟರು. ಅದೇ ಡಾಕ್ಟರು ಔಷಧ ಪ್ರಯೋಗವನ್ನೂ ನಡೆಸುತ್ತಿದ್ದಾರೆ. ಹದಿನೈದು ಇಪ್ಪತ್ತು ಪುಟದ ಮಾಹಿತಿ ಪತ್ರ ಕೈಗೆ ಕೊಡುತ್ತಾರೆ. 'ಓದಿ ನೋಡಿ, ಏನಾದರೂ ಸಂಶಯ ಇದ್ದರೆ ಕೇಳಿ' ಅನ್ನುತ್ತಾರೆ. ಪಕ್ಕದಲ್ಲಿ ನರ್ಸ್, ಹಿಂದೆ ಇನ್ನೂ ನಾಲ್ಕು ಜನ ರೋಗಿಗಳ ಸಾಲು. ರೋಗಿ ಪುಟ ತಿರುವಿದ ಹಾಗೆ ಮಾಡಿ ಕೇಳುವುದು ಒಂದೇ ಮಾತು: 'ಎಲ್ಲಿ ಸಹಿ ಹಾಕಬೇಕು ಡಾಕ್ಟ್ರೇ?'

ಆ ಹಾಳೆಯಲ್ಲಿ ಬರೆದದ್ದು ಬಹಳ ಮುಖ್ಯ ಸಂಗತಿ. ನಿಮಗೆ ಹೊಸ ಔಷಧ ಸಿಗುತ್ತದೋ ಹಳೆಯದು ಸಿಗುತ್ತದೋ ಅನ್ನುವುದನ್ನು ಡಾಕ್ಟರು ತೀರ್ಮಾನ ಮಾಡುವುದಿಲ್ಲ, ಅದು ಚೀಟಿ ಎತ್ತಿದ ಹಾಗೆ ತೀರ್ಮಾನ ಆಗುತ್ತದೆ ಅಂತ. ರೋಗಿಯ ತಲೆಯಲ್ಲಿ ಮಾತ್ರ 'ನಮ್ಮ ಡಾಕ್ಟರು ನನಗೆ ಯಾವುದು ಒಳ್ಳೆಯದೋ ಅದನ್ನೇ ಕೊಡುತ್ತಾರೆ' ಅಂತಲೇ ಇರುತ್ತದೆ. 1982ರಲ್ಲಿ ಮನೋವೈದ್ಯ ಪಾಲ್ ಆಪಲ್‌ಬಾಮ್ ಮತ್ತು ಅವರ ಜೊತೆಗಾರರು ಈ ತಪ್ಪು ತಿಳಿವಳಿಕೆಗೆ 'ಥೆರಪ್ಯೂಟಿಕ್ ಮಿಸ್‌ಕನ್ಸೆಪ್ಷನ್' ಅಂತ ಒಂದು ಹೆಸರನ್ನೇ ಕೊಟ್ಟರು. ಅಂದರೆ, ಸಂಶೋಧನೆಯನ್ನು ಚಿಕಿತ್ಸೆ ಅಂತಲೇ ತಿಳಿದುಕೊಳ್ಳುವುದು. ಇದು ಓದು ಬರಹ ಬಾರದವರ ಸಮಸ್ಯೆ ಅಲ್ಲ. ಚೆನ್ನಾಗಿ ಓದಿದವರೂ ಹೀಗೇ ತಿಳಿಯುತ್ತಾರೆ. ಬಿಳಿ ಕೋಟು ಹಾಕಿದವರು ತನ್ನ ಒಳ್ಳೆಯದಕ್ಕೇ ಮಾತಾಡುತ್ತಿದ್ದಾರೆ ಅಂತ ನಂಬುವುದು ರೋಗಿಯ ದಡ್ಡತನ ಅಲ್ಲ. ನಂಬದೇ ಹೋದರೆ ಆಸ್ಪತ್ರೆಗೆ ಹೋಗುವುದೇ ಕಷ್ಟ.

ಇನ್ನು ಆ ಬರಹದ ಭಾಷೆ. ಸುಲಭವಾಗಿ ಬರೆಯಿರಿ ಅಂತ, ಸಂಶೋಧನೆಯ ನೀತಿ ನೋಡಿ ಅನುಮತಿ ಕೊಡುವ ಎಥಿಕ್ಸ್ ಕಮಿಟಿಗಳು ಹೇಳುತ್ತವೆ. 2003ರಲ್ಲಿ ಅಮೆರಿಕದ ಕೆಲವು ಸಂಶೋಧಕರು ವೈದ್ಯಕೀಯ ಕಾಲೇಜುಗಳ ಇಂಥ ಕಮಿಟಿಗಳು ತಾವೇ ಮಾದರಿಯಾಗಿ ಕೊಡುವ ಬರಹಗಳನ್ನು ಅಳೆದು ನೋಡಿದರು. ಸರಾಸರಿ ಹತ್ತನೇ ತರಗತಿಗಿಂತ ಮೇಲಿನ ಮಟ್ಟದಲ್ಲಿದ್ದವು. ಕಮಿಟಿಗಳು ತಾವೇ ಹಾಕಿಕೊಂಡ ಗೆರೆಯನ್ನು ತಾವೇ ದಾಟಿದ್ದವು. ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಆ ಪತ್ರವನ್ನು ತಿದ್ದುವವರು ವಕೀಲರು. ನಾಳೆ ಕೋರ್ಟಿಗೆ ಹೋದರೆ ಸಂಸ್ಥೆ ಬಚಾವಾಗಬೇಕು ಅನ್ನುವುದು ಅವರ ಕೆಲಸ. ರೋಗಿಗೆ ಅರ್ಥವಾಗಲಿ ಅನ್ನುವುದು ಆಮೇಲಿನ ಮಾತು.

ಭಾರತದಲ್ಲಿ ಇದಕ್ಕೆ ಒಂದು ಉಪಾಯ ಮಾಡಿದ್ದಾರೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಹೊಸ ರಾಸಾಯನಿಕದ ಔಷಧವನ್ನು ದುರ್ಬಲ ಸ್ಥಿತಿಯ ಜನರ ಮೇಲೆ ಪರೀಕ್ಷಿಸುವಾಗ ಒಪ್ಪಿಗೆಯ ಮಾತುಕತೆಯನ್ನು ವಿಡಿಯೋ ಮಾಡಬೇಕು. ಒಳ್ಳೆಯದೇ. ಹೇಳದೇ ಕೇಳದೇ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಕ್ಕೆ ತಡೆ ಬೀಳುತ್ತದೆ. ಆದರೆ ಕ್ಯಾಮೆರಾ ಮುಂದೆ ಕೂತ ಮನುಷ್ಯ ತಲೆ ಆಡಿಸಿದ ಅನ್ನುವುದಷ್ಟೇ ಅದರಲ್ಲಿ ಕಾಣುತ್ತದೆ. ಯಾಕೆ ಆಡಿಸಿದ ಅನ್ನುವುದು ಕಾಣುವುದಿಲ್ಲ. ಲೈಂಗಿಕ ದೌರ್ಜನ್ಯದ ಬಗ್ಗೆಯೋ ಎಚ್‌ಐವಿ ಬಗ್ಗೆಯೋ ಅಧ್ಯಯನ ಆಗಿದ್ದರೆ ಆ ವಿಡಿಯೋ ತಾನೇ ಒಂದು ಅಪಾಯ.

ಒಪ್ಪಿಗೆಯನ್ನು ಬೇರೆಯವರು ಕೊಡುವ ಕಡೆ ಕಥೆ ಇನ್ನೂ ಸಿಕ್ಕು. ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆ ಮತ್ತು ಗುಜರಾತಿನ ವಡೋದರಾದಲ್ಲಿ 2009ರಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಒಂದು ಅಧ್ಯಯನ ಶುರುವಾಯಿತು. 10ರಿಂದ 14 ವರ್ಷದ ಸಾವಿರಾರು ಹೆಣ್ಣುಮಕ್ಕಳು. ಅನೇಕರು ಬುಡಕಟ್ಟು ಕುಟುಂಬದವರು, ಹಾಸ್ಟೆಲಿನಲ್ಲಿದ್ದು ಓದುವವರು. ಖಮ್ಮಂನಲ್ಲಿ ಎಷ್ಟೋ ಒಪ್ಪಿಗೆ ಪತ್ರಗಳಿಗೆ ಅಪ್ಪ ಅಮ್ಮನ ಬದಲು ವಾರ್ಡನ್‌ಗಳು, ಹೆಡ್‌ಮಾಸ್ಟರುಗಳು ಸಹಿ ಹಾಕಿದ್ದರು. ಕೆಲವು ಮಕ್ಕಳು ತೀರಿಕೊಂಡ ಸುದ್ದಿ ಬಂದು 2010ರಲ್ಲಿ ಅಧ್ಯಯನ ನಿಂತಿತು. ಆ ಸಾವುಗಳಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲ ಅಂತ ತನಿಖೆ ಹೇಳಿತು. ಒಪ್ಪಿಗೆ ತೆಗೆದುಕೊಂಡ ರೀತಿಯನ್ನು ಮಾತ್ರ ಸಂಸದೀಯ ಸಮಿತಿ 2013ರಲ್ಲಿ ಕಟುವಾಗಿ ಟೀಕಿಸಿತು.

ಲಸಿಕೆ ಒಳ್ಳೆಯದೇ ಇತ್ತು. ಅದೇ ಇಲ್ಲಿ ಗಮನಿಸಬೇಕಾದದ್ದು. ಒಳ್ಳೆಯ ಲಸಿಕೆಯನ್ನು ಕೆಟ್ಟ ದಾರಿಯಲ್ಲಿ ಕೊಟ್ಟರೆ ನಷ್ಟ ಆಗುವುದು ಲಸಿಕೆಗೂ ಹೌದು. ಜನರ ಮನಸ್ಸಿನಲ್ಲಿ ಹುಟ್ಟಿದ ಅನುಮಾನವನ್ನು ಯಾವ ತನಿಖಾ ವರದಿಯೂ ಪೂರ್ತಿ ತೆಗೆಯಲಾರದು.

ದುಡ್ಡಿನ ಮಾತು

ಅಮೆರಿಕದ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನಲ್ಲಿ 1951ರಿಂದ 1974ರವರೆಗೆ ಕೈದಿಗಳ ಚರ್ಮದ ಮೇಲೆ ಪ್ರಯೋಗಗಳು ನಡೆದವು. ಸೌಂದರ್ಯ ಸಾಧನಗಳಿಂದ ಹಿಡಿದು ಡಯಾಕ್ಸಿನ್‌ನಂಥ ವಿಷದವರೆಗೆ. ಕೈದಿಗಳು ಸಾಲಾಗಿ ಬಂದು ಸಹಿ ಹಾಕಿದರು. ಜೈಲಿನ ಬೇರೆ ಕೆಲಸಗಳಲ್ಲಿ ಚಿಲ್ಲರೆ ಕಾಸು ಸಿಗುತ್ತಿತ್ತು, ಇಲ್ಲಿ ಅದರ ಎಷ್ಟೋ ಪಟ್ಟು. ಜಾಮೀನಿಗೆ ದುಡ್ಡು ಹೊಂದಿಸಬೇಕಿದ್ದವನಿಗೆ ಬೇರೆ ದಾರಿಯೇ ಇರಲಿಲ್ಲ. 2022ರಲ್ಲಿ ಫಿಲಡೆಲ್ಫಿಯಾ ನಗರ ಅಧಿಕೃತವಾಗಿ ಕ್ಷಮೆ ಕೇಳಿತು.

ಇದನ್ನು ನೋಡಿ ಎಥಿಕ್ಸ್ ಕಮಿಟಿಗಳು ದುಡ್ಡು ಅಂದರೆ ಬೆಚ್ಚುತ್ತವೆ. ಬಡವರಿಗೆ ಜಾಸ್ತಿ ಕೊಟ್ಟರೆ ಅದು ಆಮಿಷ ಆಗುತ್ತದೆ, ಹಾಗಾಗಿ ಬಸ್ ಚಾರ್ಜ್ ಕೊಟ್ಟು ಕಳಿಸಿ ಅನ್ನುತ್ತವೆ. ನನಗೆ ಈ ವಾದ ಅರ್ಧ ಮಾತ್ರ ಸರಿ ಕಾಣುತ್ತದೆ. ಅಪಾಯ ಇರುವ ಪ್ರಯೋಗವನ್ನು ದುಡ್ಡಿನಿಂದ ಮುಚ್ಚುವುದು ತಪ್ಪು. ಆದರೆ ಅಪಾಯ ಇಲ್ಲದ ಎರಡು ಗಂಟೆಯ ಸಂದರ್ಶನಕ್ಕೆ ಒಬ್ಬಳು ಕೂಲಿ ಬಿಟ್ಟು ಬರುತ್ತಾಳೆ. ಅವಳಿಗೆ ಅರ್ಧ ದಿನದ ಕೂಲಿಯನ್ನೂ ಕೊಡದಿರುವುದಕ್ಕೆ ನೀತಿ ಅಂತ ಹೆಸರಿಡುವುದು ಸ್ವಲ್ಪ ಅನುಕೂಲಸಿಂಧು ಮಾತು, ಅಲ್ವಾ? ಸಂಶೋಧಕರಿಗೆ ಸಂಬಳ ಇದೆ. ಅನುವಾದಕರಿಗೆ, ಡ್ರೈವರಿಗೆ ಸಂಭಾವನೆ ಇದೆ. ಇಡೀ ಅಧ್ಯಯನ ಯಾರ ಬದುಕಿನ ಮೇಲೆ ನಿಂತಿದೆಯೋ ಅವರು ಮಾತ್ರ ಸುಮ್ನೆ ಬಂದು ಹೋಗಬೇಕು. ಪ್ರಯೋಗದ ಅಪಾಯವನ್ನು ಮೊದಲು ಇಳಿಸಿ, ಆಮೇಲೆ ಸಮಯಕ್ಕೆ ತಕ್ಕ ದುಡ್ಡು ಕೊಡಿ. ಜೈಲಿನ ಕಥೆಯಲ್ಲೂ ತಪ್ಪಿದ್ದದ್ದು ಕೊಟ್ಟ ದುಡ್ಡಲ್ಲ, ಬೇರೆ ಯಾವ ದಾರಿಯೂ ಇಲ್ಲದ ಕಡೆ ಹೋಗಿ ಅಪಾಯವನ್ನು ಮಾರಿದ್ದು.

ಹೊರಗಿಟ್ಟರೆ ಕಾಪಾಡಿದ ಹಾಗಾ?

ಇಷ್ಟೆಲ್ಲ ತಾಪತ್ರಯ ಯಾಕೆ, ದುರ್ಬಲರನ್ನು ಸಂಶೋಧನೆಯಿಂದ ದೂರ ಇಟ್ಟುಬಿಟ್ಟರೆ ಆಯಿತಲ್ಲ ಅಂತ ಅನ್ನಿಸಬಹುದು. ಬಹಳ ವರ್ಷ ಲೋಕ ಹಾಗೇ ಮಾಡಿತು.

ಥ್ಯಾಲಿಡೋಮೈಡ್ ಮಾತ್ರೆಯಿಂದ 1950ರ ದಶಕದ ಕೊನೆ ಮತ್ತು 60ರ ದಶಕದ ಆರಂಭದಲ್ಲಿ 10,000ಕ್ಕೂ ಹೆಚ್ಚು ಮಕ್ಕಳು ಕೈಕಾಲು ಸರಿಯಾಗಿ ಬೆಳೆಯದೆ ಹುಟ್ಟಿದರು. ಇದಕ್ಕೆ ಹೆದರಿ ಅಮೆರಿಕದ ಔಷಧ ನಿಯಂತ್ರಕರು 1977ರಲ್ಲಿ, ಗರ್ಭ ಧರಿಸುವ ಸಾಧ್ಯತೆ ಇರುವ ಹೆಂಗಸರನ್ನೇ ಮೊದಲ ಹಂತದ ಪ್ರಯೋಗಗಳಿಂದ ಹೊರಗಿಡಿ ಅಂದರು. ಅದು ಸಡಿಲವಾದದ್ದು 1993ರಲ್ಲಿ. ಆದರೆ ಆ ಮಾತ್ರೆಯ ಅನಾಹುತ ಆದದ್ದು ಗರ್ಭಿಣಿಯರ ಮೇಲೆ ಸಂಶೋಧನೆ ಮಾಡಿದ್ದರಿಂದ ಅಲ್ಲ. ಸರಿಯಾಗಿ ಪರೀಕ್ಷೆ ಮಾಡದೆ ಅವರಿಗೆ ಮಾರಿದ್ದರಿಂದ. ಕಲಿತ ಪಾಠ ಉಲ್ಟಾ ಆಯಿತು. ಗರ್ಭಿಣಿಯರಿಗೂ ಬಿಪಿ ಬರುತ್ತದೆ, ಮೂರ್ಛೆ ಬರುತ್ತದೆ, ಮಲೇರಿಯಾ ಬರುತ್ತದೆ. ಔಷಧ ಬೇಕೇ ಬೇಕು. ಯಾವುದು ಎಷ್ಟು ಕೊಡಬೇಕು ಅನ್ನುವ ಗಟ್ಟಿ ಮಾಹಿತಿ ಇಲ್ಲದೆ ಡಾಕ್ಟರು ಅಂದಾಜಿನ ಮೇಲೆ ಕೊಡಬೇಕಾಗುತ್ತದೆ. ಅಂದರೆ ಪ್ರಯೋಗ ನಿಲ್ಲಲಿಲ್ಲ. ಲೆಕ್ಕ ಇಡುವವರಿಲ್ಲದೆ, ಒಬ್ಬೊಬ್ಬರ ಮೇಲೇ ನಡೆಯುತ್ತಾ ಹೋಯಿತು.

2018ರಲ್ಲಿ ಕಾಂಗೋದಲ್ಲಿ ಎಬೋಲಾ ಹಬ್ಬಿದಾಗ ಲಸಿಕೆ ಇತ್ತು. ಆದರೆ ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಕೊಡುವಂತಿರಲಿಲ್ಲ. ಎಬೋಲಾ ತಗುಲಿದ ಗರ್ಭಿಣಿಯ ಹೊಟ್ಟೆಯ ಮಗು ಉಳಿಯುವುದು ತೀರಾ ಅಪರೂಪ ಅಂತ ಗೊತ್ತಿದ್ದೂ ಹೀಗೆ. 2019ರಲ್ಲಿ ಆ ನಿರ್ಧಾರ ಬದಲಾಯಿತು. ಮರುವರ್ಷವೇ ಕೋವಿಡ್ ಬಂತು. ಲಸಿಕೆಯ ಮೊದಲ ದೊಡ್ಡ ಪ್ರಯೋಗಗಳಿಂದ ಮತ್ತೆ ಗರ್ಭಿಣಿಯರು ಹೊರಗೆ. ಲಸಿಕೆ ಜನರಿಗೆ ಸಿಗಲು ಶುರುವಾದಾಗ 'ನಾನು ಹಾಕಿಸಿಕೊಳ್ಳಬಹುದಾ?' ಅಂತ ಕೇಳಿದವರಿಗೆ ಡಾಕ್ಟರ ಹತ್ತಿರ ನೇರ ಉತ್ತರ ಇರಲಿಲ್ಲ.

2024ರಲ್ಲಿ ಹೆಲ್ಸಿಂಕಿ ಘೋಷಣೆಯನ್ನು ಮತ್ತೆ ಪರಿಷ್ಕರಿಸಿದಾಗ ಈ ವಿಷಯದಲ್ಲಿ ಧಾಟಿ ಬದಲಾಯಿತು. ದುರ್ಬಲತೆ ಅನ್ನುವುದು ಸಂದರ್ಭದಿಂದಲೂ ಬರಬಹುದು, ಬದಲಾಗುತ್ತಲೂ ಇರಬಹುದು ಅಂತ ಅದು ಒಪ್ಪಿಕೊಂಡಿತು. ಸೇರಿಸಿದರೆ ಆಗುವ ಹಾನಿಯ ಜೊತೆಗೆ ಹೊರಗಿಟ್ಟರೆ ಆಗುವ ಹಾನಿಯನ್ನೂ ತೂಗಿ ನೋಡಿ ಅಂತ ಹೇಳಿತು. ತಡವಾಗಿ ಬಂದ ಮಾತು, ಆದರೂ ಬಂತು.

ಸೇರಿಸುವುದು ಅಂದರೆ ಹೇಗಾದರೂ ಸೇರಿಸುವುದು ಅಂತಲ್ಲ. ಇಲ್ಲಿ ನನಗೆ ಈಗಲೂ ಕಗ್ಗಂಟಾಗಿ ಕಾಣುವ ಒಂದು ಪ್ರಸಂಗ ಇದೆ. ಗರ್ಭಿಣಿಯಿಂದ ಮಗುವಿಗೆ ಎಚ್‌ಐವಿ ದಾಟುವುದನ್ನು ಎಜೆಡ್‌ಟಿ ಎಂಬ ಔಷಧ ಸುಮಾರು ಮೂರರಲ್ಲಿ ಎರಡು ಪಾಲು ತಗ್ಗಿಸುತ್ತದೆ ಅಂತ 1994ರಲ್ಲಿ ಗೊತ್ತಾಯಿತು. ಅಲ್ಲಿಗೆ ಶ್ರೀಮಂತ ದೇಶಗಳಲ್ಲಿ ಔಷಧವಿಲ್ಲದ ಖಾಲಿ ಮಾತ್ರೆ ಕೊಟ್ಟು ಹೋಲಿಸುವ ಪ್ರಯೋಗಕ್ಕೆ ಅವಕಾಶ ಮುಗಿಯಿತು. ಆದರೆ ಆಫ್ರಿಕಾದ ಹಲವು ದೇಶಗಳಲ್ಲಿ, ಥಾಯ್ಲೆಂಡಿನಲ್ಲಿ ಅಂಥ ಪ್ರಯೋಗಗಳು ಮುಂದುವರಿದವು. 1997ರಲ್ಲಿ ದೊಡ್ಡ ಜಗಳ ಆಯಿತು. ಮದ್ದು ಇದೆ ಅಂತ ಗೊತ್ತಿದ್ದೂ ತಾಯಂದಿರಿಗೆ ಖಾಲಿ ಮಾತ್ರೆ ಕೊಡುವುದು ಟಸ್ಕಿಗೀಗಿಂತ ಹೇಗೆ ಬೇರೆ ಅಂತ ಕೇಳಿದರು. ಪ್ರಯೋಗ ನಡೆಸಿದವರ ಉತ್ತರವೂ ಪೊಳ್ಳಲ್ಲ. ಆ ದುಬಾರಿ, ದೀರ್ಘ ಚಿಕಿತ್ಸೆ ಅಲ್ಲಿ ಯಾರಿಗೂ ಸಿಗುತ್ತಿಲ್ಲ, ಕಡಿಮೆ ದಿನದ ಅಗ್ಗದ ಚಿಕಿತ್ಸೆ ಕೆಲಸ ಮಾಡುತ್ತದಾ ಅಂತ ಬೇಗ ತಿಳಿಯಬೇಕು ಅಂದರು. 1998ರಲ್ಲಿ ಥಾಯ್ಲೆಂಡಿನ ಫಲಿತಾಂಶ ಬಂತು. ಕಡಿಮೆ ದಿನದ ಚಿಕಿತ್ಸೆ ಸೋಂಕನ್ನು ಅರ್ಧಕ್ಕೆ ಇಳಿಸಿತ್ತು. ಅದರಿಂದ ಮುಂದೆ ತುಂಬಾ ಮಕ್ಕಳಿಗೆ ಉಪಕಾರ ಆಯಿತು, ನಿಜ. ಖಾಲಿ ಮಾತ್ರೆಯ ಗುಂಪಿನ ತಾಯಂದಿರಿಗೆ ಆ ಲೆಕ್ಕವನ್ನು ಎದುರು ನಿಂತು ಹೇಳುವ ಧೈರ್ಯ ನನಗಂತೂ ಇಲ್ಲ. 'ಅಲ್ಲಿ ಹೇಗೂ ಏನೂ ಸಿಗುತ್ತಿರಲಿಲ್ಲ' ಅನ್ನುವ ವಾದ ಬಡತನವನ್ನೇ ಸಂಶೋಧನೆಯ ಅನುಕೂಲ ಮಾಡಿಕೊಳ್ಳುತ್ತದೆ.

ಸೂಜಿ ಇಲ್ಲದ ಕಡೆ

ಬರೀ ಮಾತಾಡಿಸುವ ಸಂಶೋಧನೆಯಲ್ಲಿ ಏನು ಅಪಾಯ ಅಂತ ಕೇಳುವವರಿದ್ದಾರೆ. ಅತ್ಯಾಚಾರಕ್ಕೆ ಒಳಗಾದವಳನ್ನು, ಯುದ್ಧದಿಂದ ಓಡಿ ಬಂದವನನ್ನು ಕೂರಿಸಿ 'ಆವತ್ತು ಏನಾಯಿತು ಹೇಳಿ' ಅಂತ ಕೇಳಿದರೆ, ಅವರು ಅದನ್ನು ಇನ್ನೊಮ್ಮೆ ಅನುಭವಿಸುತ್ತಾರೆ. ಕೆಲವರಿಗೆ ಹೇಳಿಕೊಂಡು ಹಗುರ ಆಗುವುದೂ ಉಂಟು. ಯಾರಿಗೆ ಯಾವುದು ಅಂತ ಮೊದಲೇ ಗೊತ್ತಾಗುವುದಿಲ್ಲ. ಹೆಸರಾದ ನಿರಾಶ್ರಿತರ ಶಿಬಿರಗಳಲ್ಲಿ ಒಂದೇ ಕುಟುಂಬವನ್ನು ಒಬ್ಬರಾದ ಮೇಲೆ ಒಬ್ಬರು ಬಂದು ಅದೇ ಪ್ರಶ್ನೆ ಕೇಳುತ್ತಾರೆ. ಅದೇ ಕಥೆ ಹೇಳಿ ಹೇಳಿ ಜನ ರೋಸಿ ಹೋಗಿರುತ್ತಾರೆ. 'ನಿಮಗಿಂತ ಮೊದಲು ಬಂದವರೂ ಇದನ್ನೇ ಬರೆದುಕೊಂಡು ಹೋದರು, ಏನಾಯಿತು?' ಅನ್ನುವ ಪ್ರಶ್ನೆಗೆ ಸಂಶೋಧಕರ ಹತ್ತಿರ ಉತ್ತರ ಇರಬೇಕು. ಹೆಚ್ಚಿನ ಸಲ ಇರುವುದಿಲ್ಲ.

ಗುಟ್ಟು ಕಾಪಾಡುತ್ತೇವೆ ಅನ್ನುವ ಭರವಸೆ ಇನ್ನೊಂದು ಮುಳ್ಳಿನ ಜಾಗ. ಉತ್ತರ ಐರ್ಲೆಂಡ್ ಬ್ರಿಟನ್ನಿನ ಜೊತೆ ಇರಬೇಕೋ ಬೇಡವೋ ಅಂತ ನಡೆದ ಹಿಂಸಾಚಾರದಲ್ಲಿ ಭಾಗಿಯಾಗಿದ್ದ ಎರಡೂ ಬಣದವರ ನೆನಪುಗಳನ್ನು ಅಮೆರಿಕದ ಬಾಸ್ಟನ್ ಕಾಲೇಜು 2001ರಿಂದ ಕೆಲವು ವರ್ಷ ಧ್ವನಿಮುದ್ರಣ ಮಾಡಿತು. ನೀವು ಸತ್ತ ಮೇಲಷ್ಟೇ ಹೊರಗೆ ಬರುತ್ತದೆ ಅಂತ ಮಾತು ಕೊಟ್ಟಿದ್ದರು. ನಂಬಿದ ಜನ ಮನಸ್ಸು ಬಿಚ್ಚಿ ಹೇಳಿದರು. 2011ರಲ್ಲಿ ಬ್ರಿಟನ್ನಿನ ಕೋರಿಕೆಯಂತೆ ಅಮೆರಿಕದ ಸರ್ಕಾರ ಆ ಟೇಪುಗಳನ್ನು ಕೊಡಿ ಅಂತ ಕೋರ್ಟಿನ ಮೂಲಕ ಕೇಳಿತು. ಕೊನೆಗೆ ಕೆಲವು ಟೇಪುಗಳು ಪೊಲೀಸರ ಕೈಸೇರಿದವು. ಗಮನಿಸಬೇಕಾದ ಒಂದು ವಿವರ ಇದೆ. ಗುಟ್ಟು ಕಾಪಾಡುವುದು 'ಅಮೆರಿಕದ ಕಾನೂನು ಒಪ್ಪುವಷ್ಟರ ಮಟ್ಟಿಗೆ' ಎಂಬ ಷರತ್ತು ಯೋಜನೆ ನಡೆಸುವವರ ಜೊತೆಗಿನ ಒಪ್ಪಂದದಲ್ಲಿತ್ತು. ಸಂದರ್ಶನ ಕೊಟ್ಟವರು ಸಹಿ ಹಾಕಿದ ಹಾಳೆಯಲ್ಲಿ ಇರಲಿಲ್ಲ.

ಆ ಮಾಜಿ ಹೋರಾಟಗಾರರನ್ನು ಯಾರೂ ದುರ್ಬಲರ ಪಟ್ಟಿಗೆ ಸೇರಿಸುತ್ತಿರಲಿಲ್ಲ. ಅವರನ್ನು ಅಪಾಯಕ್ಕೆ ತಂದದ್ದು ಸಂಶೋಧನೆಯೇ. ಹಾಗಾಗಿ ಭರವಸೆ ಕೊಡುವ ಮೊದಲು ಕೇಳಿಕೊಳ್ಳಬೇಕು: ಕೋರ್ಟು ಕೇಳಿದರೆ ಏನು ಮಾಡುತ್ತೇನೆ? ಮಾತಿನ ನಡುವೆ ಮಗುವೊಂದು 'ಮನೆಯಲ್ಲಿ ಹೊಡೀತಾರೆ' ಅಂತ ಹೇಳಿದರೆ ಯಾರಿಗೆ ತಿಳಿಸುತ್ತೇನೆ? ಅದನ್ನು ಮಗುವಿಗೆ ಮೊದಲೇ ಹೇಳಿದ್ದೇನಾ? 'ಎಲ್ಲವನ್ನೂ ಗುಟ್ಟಾಗಿಡುತ್ತೇವೆ' ಅನ್ನುವುದು ಉಳಿಸಿಕೊಳ್ಳಲಾಗದ ಮಾತು. ಏನನ್ನು ಗುಟ್ಟಾಗಿಡಲು ಆಗುವುದಿಲ್ಲ ಅಂತ ಹೇಳುವುದೇ ಪ್ರಾಮಾಣಿಕ.

ರಕ್ತ ಕೊಟ್ಟವರು, ಮಾತು ಕೊಟ್ಟವರು

ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಮರಿಯ ತಳದಲ್ಲಿ ಹವಾಸುಪಾಯಿ ಎಂಬ ಮೂಲನಿವಾಸಿ ಸಮುದಾಯ ಇದೆ. ಕೆಲವು ನೂರು ಜನ. ಸಕ್ಕರೆ ಕಾಯಿಲೆ ಅವರಲ್ಲಿ ವಿಪರೀತ. 1990ರಿಂದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಬಂದು ರಕ್ತ ತೆಗೆದುಕೊಂಡರು. ಜನ ಸಕ್ಕರೆ ಕಾಯಿಲೆಗೆ ಅಂತಲೇ ಕೊಟ್ಟರು. ಸಹಿ ಹಾಕಿದ ಪತ್ರದಲ್ಲಿ ಮಾತ್ರ ಅದಕ್ಕಿಂತ ಅಗಲವಾದ ಮಾತುಗಳಿದ್ದವು. 2003ರಲ್ಲಿ ಆ ಸಮುದಾಯದ ಒಬ್ಬಳು ವಿಶ್ವವಿದ್ಯಾಲಯದಲ್ಲಿ ಒಂದು ಪಿಎಚ್‌ಡಿ ಉಪನ್ಯಾಸ ಕೇಳಲು ಹೋದಳು. ತನ್ನವರದೇ ರಕ್ತದ ಮೇಲೆ ಬೇರೆ ಏನೇನೋ ಅಧ್ಯಯನ ನಡೆದಿದೆ ಅಂತ ಅಲ್ಲಿ ಗೊತ್ತಾಯಿತು. ಸ್ಕಿಜೋಫ್ರೀನಿಯಾ ಎಂಬ ಮಾನಸಿಕ ಕಾಯಿಲೆ, ಒಳಸಂಬಂಧದ ಮದುವೆ, ಅವರ ಪೂರ್ವಿಕರು ಎಲ್ಲಿಂದ ವಲಸೆ ಬಂದರು ಅನ್ನುವುದು. ತಾವು ಹುಟ್ಟಿದ್ದೇ ಆ ಕಮರಿಯಲ್ಲಿ ಅನ್ನುವುದು ಆ ಜನರ ನಂಬಿಕೆ. ಸಮುದಾಯ ಕೋರ್ಟಿಗೆ ಹೋಯಿತು, 2010ರಲ್ಲಿ ರಾಜಿ ಆಯಿತು. 41 ಜನರಿಗೆ ಒಟ್ಟು 7,00,000 ಡಾಲರ್ ಪರಿಹಾರ, ಉಳಿದ ರಕ್ತದ ಮಾದರಿಗಳು ವಾಪಸ್.

ಈ ಪ್ರಕರಣದಲ್ಲಿ ಯಾರ ಮೈಗೂ ಗಾಯ ಆಗಲಿಲ್ಲ. ಒಪ್ಪಿಗೆ ಪತ್ರವೂ ಇತ್ತು. ಕಾನೂನಿನ ಕಣ್ಣಲ್ಲಿ ವಾದ ಮಾಡಬಹುದಿತ್ತು. ಆದರೆ ಜನ ಕೊಟ್ಟದ್ದು ಒಂದಕ್ಕೆ, ಬಳಸಿದ್ದು ಇನ್ನೊಂದಕ್ಕೆ.

ಇದೇ ಈಗ ಡೇಟಾ ರೂಪದಲ್ಲಿ ಮತ್ತೆ ಬರುತ್ತಿದೆ. ಆತ್ಮಹತ್ಯೆಯ ಯೋಚನೆಯಲ್ಲಿರುವವರು ಮೆಸೇಜ್ ಮಾಡಿ ಸಹಾಯ ಕೇಳುವ ಕ್ರೈಸಿಸ್ ಟೆಕ್ಸ್ಟ್ ಲೈನ್ ಎಂಬ ಸೇವೆ ಅಮೆರಿಕದಲ್ಲಿದೆ. ಹೆಸರು, ವಿಳಾಸ ತೆಗೆದ ಆ ಮಾತುಕತೆಗಳನ್ನು ಲಾಭಕ್ಕೆ ನಡೆಯುವ ಒಂದು ಕಂಪನಿಯ ಜೊತೆ ಅದು ಹಂಚಿಕೊಂಡಿದೆ ಅಂತ 2022ರ ಜನವರಿಯಲ್ಲಿ ಸುದ್ದಿಯಾಯಿತು. ಗ್ರಾಹಕ ಸೇವೆಯವರಿಗೆ ಮಾತಾಡುವುದನ್ನು ಕಲಿಸುವ ಸಾಫ್ಟ್‌ವೇರ್ ಮಾಡುವ ಕಂಪನಿ ಅದು. ಬಳಕೆಯ ಷರತ್ತುಗಳಿಗೆ ಒಪ್ಪಿಗೆ ಇದೆ ಅಂತ ಸಂಸ್ಥೆ ಹೇಳಿತು. ಸಾಯಲು ಹೊರಟವನು ಷರತ್ತುಗಳನ್ನು ಓದುತ್ತಾನಾ? ಗದ್ದಲ ಆದ ಮೇಲೆ ಆ ಹಂಚಿಕೆ ನಿಂತಿತು. ಕೃತಕ ಬುದ್ಧಿಮತ್ತೆಗೆ ಮನುಷ್ಯರ ಮಾತುಗಳ ಹಸಿವು ಈಗ ಇನ್ನೂ ಜಾಸ್ತಿ ಆಗಿದೆ. ಆಸ್ಪತ್ರೆ, ಆಪ್ತ ಸಮಾಲೋಚನೆ, ಪರಿಹಾರ ಶಿಬಿರ, ಇಲ್ಲೆಲ್ಲ ಹೇಳಿಕೊಂಡ ಕಷ್ಟವೂ ಡೇಟಾ ಆಗುವ ಕಾಲ ಇದು.

ದಕ್ಷಿಣ ಆಫ್ರಿಕಾದ ಸಾನ್ ಎಂಬ ಮೂಲನಿವಾಸಿ ಜನ ಇದಕ್ಕೆ ತಮ್ಮದೇ ಉತ್ತರ ಕೊಟ್ಟರು. ನಮೀಬಿಯಾದ ನಾಲ್ವರು ಸಾನ್ ಹಿರಿಯರ ವಂಶವಾಹಿಗಳ ವಿವರ 2010ರಲ್ಲಿ ಪ್ರಕಟವಾಗಿತ್ತು. ಆ ನಾಲ್ವರ ಒಪ್ಪಿಗೆ ಇತ್ತು, ಸಮುದಾಯದ ಮುಖಂಡರನ್ನು ಯಾರೂ ಕೇಳಿರಲಿಲ್ಲ, ಬರಹದ ಕೆಲವು ಮಾತುಗಳು ಅವಮಾನಕರವಾಗಿವೆ ಅಂತ ಅವರು ದೂರಿದರು. 2017ರಲ್ಲಿ ಸಂಶೋಧಕರಿಗೆ ಅಂತ ತಾವೇ ಒಂದು ನೀತಿಸಂಹಿತೆ ಬರೆದರು. ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ ಅದರ ತಿರುಳು. ಅಧ್ಯಯನ ಮೊದಲು ಸಮುದಾಯದ ಮುಂದೆ ಬರಬೇಕು, ಕೊಟ್ಟ ಮಾತು ಉಳಿಸಿಕೊಳ್ಳಬೇಕು, ಮೀರಿದವರಿಗೆ ಮತ್ತೆ ಪ್ರವೇಶ ಸಿಗದಿರಬಹುದು. ಬಾಗಿಲಿನ ಚಿಲಕ ಒಳಗಡೆಯವರ ಕೈಗೆ ಬಂತು. ಇದರಲ್ಲೂ ತೊಡಕು ಇದೆ. ಸಮುದಾಯ ಅಂದರೆ ಅದರ ಮುಖಂಡರಷ್ಟೇ ಅಲ್ಲ. ಮನೆಯೊಳಗಿನ ಹಿಂಸೆಯ ಬಗ್ಗೆ ಹೆಂಗಸರನ್ನು ಮಾತಾಡಿಸಲು ಊರ ಹಿರಿಯರ ಅಪ್ಪಣೆ ಬೇಕು ಅಂದರೆ, ಆ ಅಧ್ಯಯನ ಆಗುವುದೇ ಇಲ್ಲ. ಹಾಗಾಗಿ ಸಮುದಾಯದ ಒಪ್ಪಿಗೆ ಒಬ್ಬೊಬ್ಬರ ಒಪ್ಪಿಗೆಯ ಜೊತೆಗೆ ಇರಬೇಕೇ ಹೊರತು ಅದರ ಜಾಗದಲ್ಲಿ ಅಲ್ಲ.

ಎಥಿಕ್ಸ್ ಕಮಿಟಿಗಳು ಈಗ ಮಾಡುವ ಕೆಲಸದ ಹೆಚ್ಚಿನ ಪಾಲು ಅಧ್ಯಯನ ಶುರುವಾಗುವ ಮೊದಲೇ ಮುಗಿಯುತ್ತದೆ. ಅರ್ಜಿ ನೋಡುತ್ತಾರೆ, ಒಪ್ಪಿಗೆ ಪತ್ರದ ಪದ ತಿದ್ದಿಸುತ್ತಾರೆ, ಮಂಜೂರು ಮಾಡುತ್ತಾರೆ. ಆಮೇಲೆ ವರ್ಷಕ್ಕೊಂದು ವರದಿ ಬರುತ್ತದೆ, ಅದನ್ನು ಬರೆಯುವವರು ಸಂಶೋಧಕರೇ. ಇದರ ಬದಲು, ಅಧ್ಯಯನ ಅರ್ಧ ನಡೆದಾಗ ಕಮಿಟಿಯ ಕಡೆಯಿಂದ ಯಾರಾದರೂ ಹೋಗಿ ಭಾಗವಹಿಸಿದ ಹತ್ತು ಜನರನ್ನು ಸಂಶೋಧಕರಿಲ್ಲದೆ ಮಾತಾಡಿಸಲಿ. ಇದು ಸಂಶೋಧನೆ ಅಂತ ಗೊತ್ತಿತ್ತಾ, ಬಿಡಬೇಕು ಅನ್ನಿಸಿದರೆ ಬಿಡಬಹುದು ಅಂತ ಗೊತ್ತಾ, ಬಿಟ್ಟರೆ ಏನಾಗುತ್ತದೆ ಅಂದುಕೊಂಡಿದ್ದೀರಿ ಅಂತ ಕೇಳಲಿ. 'ಬಿಟ್ಟರೆ ಡಾಕ್ಟರಿಗೆ ಬೇಜಾರಾಗುತ್ತದೆ' ಅಂತ ಹತ್ತರಲ್ಲಿ ಆರು ಜನ ಹೇಳಿದರೆ, ಫೈಲಿನಲ್ಲಿ ಎಷ್ಟೇ ಸಹಿಗಳಿದ್ದರೂ ಆ ಅಧ್ಯಯನವನ್ನು ನಿಲ್ಲಿಸಿ ಮತ್ತೆ ಒಪ್ಪಿಗೆ ಕೇಳಬೇಕು. ಖರ್ಚು ಬರುತ್ತದೆ ಅಂತ ಆಕ್ಷೇಪ ಬರುತ್ತದೆ. ಔಷಧ ಪ್ರಯೋಗದ ಡೇಟಾ ಸರಿ ಇದೆಯಾ ಅಂತ ನೋಡಲು ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗಿ ಒಂದೊಂದು ಅಂಕಿಯನ್ನೂ ತಾಳೆ ನೋಡುವವರಿಗೆ ಈಗಲೂ ದುಡ್ಡು ಕೊಡುತ್ತಾರೆ. ಹತ್ತು ಜನರನ್ನು ಮಾತಾಡಿಸುವುದು ಅದಕ್ಕಿಂತ ದುಬಾರಿ ಆಗಲಾರದು.